ಆಂಕನ್‌ಗೊಂದು ಜೊತೆ

ಸೋಮವಾರ ಬೆಳಿಗ್ಗೆ ಸಾಲೋಮೆ ಟೀಚರ್ ತರಗತಿಯ ಬಾಗಿಲು ತೆರೆದಾಗ ಗೂಡಿನಿಂದ ಸಿಳ್ಳೆ ಬರಲಿಲ್ಲ. ಬೀಗದ ಕೈ ತಿರುಗಿದ ಸದ್ದು ಕೇಳಿದರೆ ಸಾಕು, ಮಕ್ಕಳು ಅಲ್ಲಿ ಸಾಕಿದ್ದ ಎರಡು ಗಿನಿಪಿಗ್‌ಗಳು ವಾರದಿಂದ ಉಪವಾಸ ಬಿದ್ದವರ ಹಾಗೆ ಕಿರುಚಿ ರಂಪ ಮಾಡುತ್ತಿದ್ದವು. ಈ ಪ್ರಾಣಿಗಳಿಗೆ ನಾಚಿಕೆ ಎಂಬುದೇ ಇಲ್ಲ. ಹೊಟ್ಟೆ ಬಿರಿಯುವಷ್ಟು ತಿಂದು ಬಾಯಿ ಒರೆಸಿಕೊಂಡಿರುವುದಿಲ್ಲ, ಮತ್ತೆ ಶುರು. ಅಂಥವು ಸುಮ್ಮನಿವೆ ಎಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಸೀಗರ್ ಒಣಹುಲ್ಲಿನ ಮೇಲೆ ಒಂದು ಮಗ್ಗುಲಾಗಿ ಮಲಗಿತ್ತು, ತಣ್ಣಗಾಗಿತ್ತು. ಶಾಲೆಯಿರುವ ಬೆಟ್ಟದ ಕಣಿವೆಯಲ್ಲಿ ಮಾಡುವ ಹಸಿರು ಚೀಸಿನ ಹೆಸರು ಅದಕ್ಕೆ; ವಾಸನೆಯಲ್ಲಿ ಎರಡೂ ಒಂದೇ ಎಂದು ಹುಡುಗರು ಇಟ್ಟದ್ದು. ಅದರ ಜೊತೆಗಾತಿ ಆಂಕನ್, ಎಂದರೆ ಅಲ್ಲಿಯ ಮಾತಿನಲ್ಲಿ ಬೆಣ್ಣೆ, ಹಳದಿ ಮೈಯ ಮುದುಕಿ, ಗೂಡಿನ ಮೂಲೆಗೆ ಮುಖ ಮಾಡಿ ಕೂತಿತ್ತು. ಸಾಲೋಮೆ ಕರೆದರೂ ತಿರುಗಲಿಲ್ಲ.

ಮಧ್ಯಾಹ್ನ ಮಕ್ಕಳೆಲ್ಲ ಸೇರಿ ಸೀಗರ್‌ನನ್ನು ಶಾಲೆಯ ಹಿಂದಿನ ಪಿಯರ್ ಮರದ ಬುಡದಲ್ಲಿ ಮಣ್ಣು ಮಾಡಿದರು. ಚಿಕ್ಕವರು ಅತ್ತರು, ದೊಡ್ಡವರು ಅಳುತ್ತಿಲ್ಲ ಎಂದು ತೋರಿಸಿಕೊಂಡರು. ಇಡೀ ಶಾಲೆಯೆಂದರೆ ಆ ಒಂದು ಕೋಣೆ ಮಕ್ಕಳು ಮಾತ್ರ, ಇಪ್ಪತ್ತೂ ತುಂಬುವುದಿಲ್ಲ. ಆರು ವರ್ಷದವರೂ ಹನ್ನೆರಡರವರೂ ಒಟ್ಟಿಗೇ ಕೂರುತ್ತಾರೆ.

"ಟೀಚರ್, ಇನ್ನು ಆಂಕನ್ ಒಂದೇ ಅಲ್ವಾ? ಒಂದೇ ಇಟ್ಕೊಂಡ್ರೆ ಪೊಲೀಸ್ ಬರ್ತಾರಂತೆ," ಎಂದ ಫ್ರಿಡ್ಲಿ. ಅಂಚೆಯವಳ ಮಗ, ಬಾಯಿಗೆ ಬೀಗವಿಲ್ಲದ ಹುಡುಗ.

"ಪೊಲೀಸ್ ಬರಲ್ಲ ಕಣೋ. ಆದ್ರೆ ಕಾನೂನು ಕಾನೂನೇ. ಗಿನಿಪಿಗ್‌ನ ಒಂಟಿಯಾಗಿ ಸಾಕೋ ಹಾಗಿಲ್ಲ."

"ಮತ್ತೆ ನಮ್ಮಜ್ಜ ಒಬ್ನೇ ಇದಾನಲ್ಲ?"

"ನಿಮ್ಮಜ್ಜ ಗಿನಿಪಿಗ್ಗೇನೋ? ಸುಮ್ನೆ ಗುದ್ದಲಿ ಎತ್ತಿಡು ಹೋಗು," ಎಂದು ಗದರಿದಳು ರೈನರ್ ಮನೆಯ ಆಫ್ರಾ. ಹತ್ತು ವರ್ಷದ ಹುಡುಗಿ, ಎಮ್ಮೆಯಷ್ಟು ಹಟ, ಹೇಳುವುದನ್ನು ನೆಟ್ಟಗೆ ಹೇಳುವ ಜಾತಿ. ಅವರ ಮನೆಯಲ್ಲಿ ಹಸುಗಳಿದ್ದವು, ಆದ್ದರಿಂದ ಸಾವು ಅವಳಿಗೆ ಹೊಸದಲ್ಲ. ಅವಳು ಆಂಕನ್‌ಗೆ ಎಂದು ಡ್ಯಾಂಡೆಲಿಯನ್ ಸೊಪ್ಪು ಕಿತ್ತು ತಂದಿದ್ದಳು. ಆಂಕನ್ ಅದನ್ನು ಮೂಸಿ ಸಹ ನೋಡಲಿಲ್ಲ.

ಗಿನಿಪಿಗ್ ತಿನ್ನುವುದು ಬಿಟ್ಟರೆ ಬಹಳ ದಿನ ಬಾಳುವುದಿಲ್ಲ. ಸಾಲೋಮೆಗೆ ಅದು ಗೊತ್ತಿತ್ತು. ಮರುದಿನವೇ ಬಸ್ಸಿನಲ್ಲಿ ಪಶುವೈದ್ಯರ ಬಳಿ ಹೋದಳು. ಹಲ್ಲು ನೋಡಿದರು, ಹೊಟ್ಟೆ ಒತ್ತಿದರು. ಎಲ್ಲ ಸರಿಯಿದೆ, ಜೊತೆ ಹುಡುಕಿ ಎಂದರು. ಅಷ್ಟು ಹೇಳುವುದಕ್ಕೆ ವೈದ್ಯರು ಬೇಕಿತ್ತೆ? ಅವಳು ಕೆಳಗಿನ ಹಳ್ಳಿಯ ಬಾಬೆಟ್ ಹೆಫ್ತಿಗೆ ಫೋನು ಮಾಡಿದಳು.

ಬಾಬೆಟ್ ಒಂದು ಕಾಲದಲ್ಲಿ ಆ ಕಣಿವೆಯ ಬಸ್ಸು ಓಡಿಸುತ್ತಿದ್ದವಳು. ಈಗ ಮನೆ ಹಿಂದಿನ ಕೊಟ್ಟಿಗೆಯಲ್ಲಿ ಗಿನಿಪಿಗ್ ಸಾಕುತ್ತಾಳೆ. ಯಾರ ಮನೆಯಲ್ಲಾದರೂ ಒಂದು ಸತ್ತು ಇನ್ನೊಂದು ಒಂಟಿಯಾಯಿತೋ, ಬದುಕಿರುವಷ್ಟು ದಿನ ಜೊತೆಗಿರಲಿ ಎಂದು ತನ್ನಲ್ಲಿಯ ಒಂದನ್ನು ಕಡ ಕೊಡುತ್ತಾಳೆ. ಉಳಿದದ್ದೂ ತೀರಿಕೊಂಡ ಮೇಲೆ ಕಡ ತಂದದ್ದನ್ನು ಹಿಂದಿರುಗಿಸಬೇಕು. ಇಲ್ಲದಿದ್ದರೆ ಒಂದು ಸತ್ತಾಗಲೆಲ್ಲ ಇನ್ನೊಂದು ಕೊಳ್ಳುತ್ತ, ಆ ಸರಪಳಿ ಕಡಿಯುವುದೇ ಇಲ್ಲವಲ್ಲ.

"ನನ್ನ ಹತ್ರ ಮೇಜರ್ ಅಂತ ಒಬ್ಬ ಇದಾನೆ. ಬೀಜ ಒಡೆಸಿ ಎಷ್ಟೋ ಕಾಲ ಆಯ್ತು, ಸಾಧು ಪ್ರಾಣಿ," ಎಂದಳು ಬಾಬೆಟ್. "ನಿಮ್ಮ ಮುದುಕೀಗೆ ಮುದುಕ. ಆದ್ರೆ ಸೀದಾ ಅವಳ ಗೂಡಿಗೇ ತಂದು ಬಿಟ್ಟೀಯ ಮತ್ತೆ! ಅವಳ ಮನೆಗೆ ಇನ್ಯಾರೋ ನುಗ್ಗಿದ ಹಾಗಾಗುತ್ತೆ, ಕಚ್ಚಾಡ್ತವೆ."

"ಗೊತ್ತು ಕಣೇ. ನಿನ್ನೆ ಮೊನ್ನೆ ಸಾಕೋಕೆ ಶುರು ಮಾಡಿದವಳಿಗೆ ಹೇಳಿದ ಹಾಗೆ ಹೇಳ್ತೀಯಲ್ಲ."

"ಗೊತ್ತಿರೋರೇ ತಪ್ಪು ಮಾಡೋದು."

ವ್ಯಾಯಾಮದ ಕೋಣೆಯಲ್ಲಿ ಹಳೆಯ ಕಂಬಳಿ ಹಾಸಿ, ಅಲ್ಲಲ್ಲಿ ಹುಲ್ಲು ಗುಡ್ಡೆ ಹಾಕಿ, ಎರಡು ಕಡೆ ಬಾಗಿಲು ಕೊರೆದ ರಟ್ಟಿನ ಡಬ್ಬಗಳನ್ನು ಮಕ್ಕಳು ಜೋಡಿಸಿದರು. ಎರಡು ಬಾಗಿಲು ಯಾಕೆಂದರೆ, ಒಬ್ಬರು ಒಳಗೆ ನುಗ್ಗಿದರೆ ಇನ್ನೊಬ್ಬರಿಗೆ ತಪ್ಪಿಸಿಕೊಳ್ಳಲು ದಾರಿ ಇರಬೇಕು. ಮದುವೆ ಹೆಣ್ಣು ತೋರಿಸುವ ಹಾಗೆ ಆಂಕನ್‌ನ ಮೈ ಬಾಚಿ ತಂದು ಕೂರಿಸಿದರು. ಮೇಜರ್ ಬಂದ. ಗುರ್‍ರ್ ಎಂದು ಗಂಟಲಲ್ಲೇ ಗುನುಗುತ್ತ, ಸೊಂಟ ಆಡಿಸುತ್ತ ಆಂಕನ್ ಸುತ್ತ ಸುತ್ತಿದ. ಮಕ್ಕಳು ಬಿದ್ದು ಬಿದ್ದು ನಕ್ಕರು.

"ನೋಡ್ರೋ, ಹಬ್ಬದ ದಿನ ನಮ್ಮ ಮಾವ ಕುಣಿದ ಹಾಗೇ ಇದೆ!" ಎಂದ ಫ್ರಿಡ್ಲಿ.

ಆಂಕನ್ ಮಾತ್ರ ಹಲ್ಲು ಕಟಕಟಿಸಲಿಲ್ಲ, ಓಡಲೂ ಇಲ್ಲ. ಅವನು ಅಲ್ಲಿದ್ದಾನೆ ಎಂಬುದನ್ನೇ ಗಮನಿಸದವಳ ಹಾಗೆ ಗೋಡೆಗೆ ಮೂಗು ಹಚ್ಚಿ ಕೂತುಬಿಟ್ಟಿತು. ಜಗಳವಾಡಿದ್ದರೂ ಚೆನ್ನಾಗಿತ್ತು ಎಂದುಕೊಂಡಳು ಸಾಲೋಮೆ. ಮೇಜರ್ ಸುತ್ತಿ ಸುತ್ತಿ ಸಾಕಾಗಿ, ಹೋಗಿ ಹುಲ್ಲು ತಿನ್ನತೊಡಗಿದ. ಗೂಡಿಗೆ ಒಟ್ಟಿಗೆ ಬಿಟ್ಟ ಮೇಲೂ ಅದೇ ಕಥೆ: ಅವನು ಒಂದು ಮೂಲೆ, ಅವಳು ಒಂದು ಮೂಲೆ.

ಆ ವಾರವೆಲ್ಲ ಸಾಲೋಮೆ ಸಂಜೆ ಶಾಲೆ ಬಿಟ್ಟ ಮೇಲೆ ಆಂಕನ್‌ನನ್ನು ಮಹಡಿಯ ಮೇಲಿನ ತನ್ನ ಮನೆಗೆ ಒಯ್ಯುತ್ತಿದ್ದಳು. ಶಿಕ್ಷಕಿಯ ಮನೆ ಶಾಲೆಯ ಮೇಲೆಯೇ. ಹುಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ, ತೊಡೆಯ ಮೇಲೆ ಟವೆಲ್ಲಿನಲ್ಲಿ ಸುತ್ತಿ ಹಿಡಿದು, ಕೂಸಿಗೆ ಒಳಲೆ ಹಾಕುವ ಹಾಗೆ ಬಾಯಿಯ ಪಕ್ಕದಿಂದ ಇಷ್ಟಿಷ್ಟೇ ಹಾಕುತ್ತಿದ್ದಳು. ಅರ್ಧ ಒಳಗೆ, ಅರ್ಧ ಅವಳ ಸ್ವೆಟರಿನ ಮೇಲೆ.

ಆ ಮನೆಯ ಎದುರು ಬಾಗಿಲಿನಲ್ಲಿ ಇನ್ನೊಬ್ಬ ಶಿಕ್ಷಕಿ ಎಲ್ಸ್‌ಬೆತ್ ಇದ್ದಳು. ಎಷ್ಟೋ ವರ್ಷ ಇಬ್ಬರೂ ರಾತ್ರಿ ಊಟ ಒಟ್ಟಿಗೇ ಮಾಡಿದವರು. ಇವತ್ತು ಇವಳ ಒಲೆ, ನಾಳೆ ಅವಳದು. ಹೋದ ವರ್ಷ ಮಕ್ಕಳು ಕಡಿಮೆಯಾಗಿ ಎರಡು ತರಗತಿ ಒಂದಾದಾಗ ಎಲ್ಸ್‌ಬೆತ್ ಬಾಸೆಲ್ ಪಟ್ಟಣದಲ್ಲಿರುವ ಅಣ್ಣನ ಮನೆಗೆ ಹೋದಳು. ಅವತ್ತಿನಿಂದ ಸಾಲೋಮೆ ಶನಿವಾರ, ಭಾನುವಾರ ಗಿನಿಪಿಗ್‌ಗಳನ್ನು ಮೇಲೆ ತಂದಿಟ್ಟುಕೊಂಡು, ಭಾನುವಾರ ರಾತ್ರಿ ಮತ್ತೆ ಕೆಳಗಿನ ಗೂಡಿಗೆ ಬಿಡುವುದು ರೂಢಿಯಾಗಿತ್ತು. ಯಾರಾದರೂ ಕೇಳಿದರೆ ಶಾಲೆಯಲ್ಲಿ ಬೆಚ್ಚಗಿರುವುದಿಲ್ಲ ಎನ್ನುತ್ತಿದ್ದಳು. ಬೇಸಗೆಯಲ್ಲೂ ಅದನ್ನೇ ಹೇಳುತ್ತಿದ್ದಳು.

ಗುರುವಾರ ಸಂಜೆ ಆಫ್ರಾ ಒಂದು ಹೊರೆ ಎಳೆ ಹುಲ್ಲು ಹಿಡಿದು ಮೆಟ್ಟಿಲು ಹತ್ತಿ ಬಂದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಟೀಚರು ಮೇಜಿನ ಮೇಲೆ ತಮ್ಮ ತಟ್ಟೆಯ ಪಕ್ಕದಲ್ಲೇ ಟವೆಲ್ಲು ಹಾಸಿ ಆಂಕನ್‌ನನ್ನು ಕೂರಿಸಿ, ಗಟ್ಟಿಯಾಗಿ ಮಾತಾಡುತ್ತಿದ್ದರು.

"ತಿನ್ನೇ ತಾಯಿ, ಒಂದೇ ಒಂದು ತುತ್ತು. ನೀನೂ ಹೋದ್ರೆ ನಾನು ಯಾರ ಹತ್ರ ಮಾತಾಡ್ಲಿ? ಗೋಡೆ ಹತ್ರಾನಾ? ಹೇಳು ನೋಡೋಣ."

ನೆಲದ ಹಲಗೆ ಕಿರ್ ಎಂದಿತು. ಸಾಲೋಮೆ ತಿರುಗಿ ನೋಡಿ ಕೆಂಪಗಾದಳು.

"ಅಯ್ಯೋ, ನೀನಾ? ಬಾ. ಔಷಧಿ ಹಾಕುವಾಗ ಮಾತಾಡ್ತಾ ಇರ್ಬೇಕಂತೆ, ಪಶುವೈದ್ಯರು ಹೇಳಿದ್ರು."

"ಹೂಂ ಟೀಚರ್," ಎಂದಳು ಆಫ್ರಾ. ಹುಲ್ಲು ಇಟ್ಟು, ಒಂದೇ ತಟ್ಟೆ ಇದ್ದ ಮೇಜನ್ನು ಒಂದು ಗಳಿಗೆ ನೋಡಿ ಹೊರಟುಹೋದಳು.

ಶುಕ್ರವಾರ ಬಾಬೆಟ್ ಫೋನಿನಲ್ಲಿ ಬೈದಳು. "ಸಿರಿಂಜಿನಲ್ಲಿ ಎಷ್ಟು ದಿನ ಬದುಕಿಸ್ತೀಯೇ? ನಾಳೆ ಇಬ್ರನ್ನೂ ತಗೊಂಡು ಬಾ ನನ್ನ ಕೊಟ್ಟಿಗೆಗೆ. ಅವಳೇ ಆರಿಸ್ಕೊಳ್ಲಿ. ನಾವು ಹುಡುಕಿದ ಗಂಡು ಅವಳಿಗೆ ಹಿಡಿಸ್ಬೇಕು ಅಂತ ಎಲ್ಲಿದೆ?"

ಶನಿವಾರ ಆಫ್ರಾ, ಫ್ರಿಡ್ಲಿ ಮತ್ತು ಇನ್ನಿಬ್ಬರು ಮಕ್ಕಳು ಬುಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡು ಸಾಲೋಮೆಯ ಜೊತೆ ಬಸ್ಸಿನಲ್ಲಿ ಇಳಿದುಹೋದರು. ಬಾಬೆಟ್‌ನ ಕೊಟ್ಟಿಗೆಯಲ್ಲಿ ಒಂದು ಹಿಂಡೇ ಇತ್ತು: ಕರಿದು, ಬಿಳಿದು, ಸುರುಳಿ ಕೂದಲಿನದು, ಕೂದಲೇ ಕಣ್ಣಿಗೆ ಬಿದ್ದು ಎದುರು ಕಾಣದೆ ಗೋಡೆಗೆ ಡಿಕ್ಕಿ ಹೊಡೆಯುವುದು. ಮೇಜರ್ ಬುಟ್ಟಿಯಿಂದ ಇಳಿದವನೇ ತನ್ನ ಹಳೆಯ ಗೆಳೆಯರ ನಡುವೆ ಮಾಯವಾದ. ಆಂಕನ್ ಬಾಗಿಲ ಬಳಿಯ ಹುಲ್ಲಿನಲ್ಲಿ ಉಂಡೆಯಾಗಿ ಕೂತಿತು. ದೊಡ್ಡವು ಒಂದೊಂದಾಗಿ ಬಂದು ಮೂಸಿ ಹೋದವು.

ಆಗ ಎರಡು ಮರಿಗಳು ಬಂದವು. ತಾಯಿಯಿಲ್ಲದವು, ಯಾರೋ ಸಾಕಲಾಗದೆ ತಂದು ಬಿಟ್ಟು ಹೋದಂಥವು, ಹಿಂಡಿನಲ್ಲಿ ಇನ್ನೂ ಯಾರಿಗೂ ಅಂಟಿಕೊಂಡಿರಲಿಲ್ಲ. ಅವುಗಳಲ್ಲಿ ಸಣ್ಣದು ಕೇಳದೆ ಹೇಳದೆ ನೇರವಾಗಿ ಆಂಕನ್‌ನ ಗದ್ದದ ಕೆಳಗೆ ತಲೆ ತೂರಿಸಿತು. ಆಂಕನ್ ಬೆಚ್ಚಿತು. ಹಿಂದೆ ಸರಿಯಿತು. ಮರಿ ಮತ್ತೆ ತೂರಿಸಿತು. ಇನ್ನೊಂದೂ ಬಂದು ಪಕ್ಕೆಗೆ ಒರಗಿತು. ಆಮೇಲೆ ಆಂಕನ್ ಬಗ್ಗಿ ಮರಿಯ ಕಿವಿ ನೆಕ್ಕಿತು. ನೆಕ್ಕಿ, ಏನೋ ನೆನಪಾದವಳ ಹಾಗೆ ಕತ್ತು ಚಾಚಿ ಒಂದು ಎಲೆ ಕಚ್ಚಿಕೊಂಡು ಕುರುಕುರು ತಿನ್ನತೊಡಗಿತು.

"ತಿಂತಾ ಇದೆ! ಟೀಚರ್, ತಿಂತಾ ಇದೆ!" ಎಂದು ಫ್ರಿಡ್ಲಿ ಕುಣಿದ. ಅಬ್ಬಾ, ಬದುಕಿತು ಎಂದಳು ಸಾಲೋಮೆ.

"ನೋಡಿದ್ಯಾ? ಇವಳಿಗೆ ಬೇಕಾಗಿದ್ದು ಗಂಡ ಅಲ್ಲ ಕಣೇ, ಸಂಸಾರ," ಎಂದಳು ಬಾಬೆಟ್.

ಎರಡು ದಿನ ಅಲ್ಲೇ ಇರಲಿ ಎಂದಾಯಿತು. ಬಸ್ಸಿಗೆ ಕಾಯುವಾಗ ಸಾಲೋಮೆ ಮೆಲ್ಲಗೆ ಕೇಳಿದಳು: "ಆ ಎರಡು ಮರೀನೂ ಅವಳ ಜೊತೆಗೆ ಕೊಟ್ಬಿಡು. ಮೂರನ್ನೂ ಕರ್ಕೊಂಡು ಹೋಗ್ತೀನಿ."

ಬಾಬೆಟ್ ತಲೆ ಕೆರೆದುಕೊಂಡಳು. "ಕೊಡಲ್ಲ ಅನ್ನಲ್ಲ. ಆದ್ರೆ ಯೋಚನೆ ಮಾಡು. ಇಲ್ಲಿ ಅವಳು ಹಿಂಡಿಗೆ ಅಜ್ಜಿಯಾಗಿ ಇರ್ತಾಳೆ. ಅಲ್ಲಿ ಮತ್ತೆ ಅದೇ ಪೆಟ್ಟಿಗೆ. ಈ ವಯಸ್ಸಲ್ಲಿ ಮತ್ತೊಂದು ಸಲ ಜಾಗ ಬದಲಾಯಿಸಿದ್ರೆ ತಡೆದ್ರೆ ತಡೆದಾಳು, ಇಲ್ದಿದ್ರೆ ಇಲ್ಲ. ನಾನು ಹೇಳೋದು ಇಷ್ಟೇ. ನಿಮ್ಮ ಗಿನಿಪಿಗ್, ನಿಮ್ಮಿಷ್ಟ."

ಎಲ್ಲ ಮಾತೂ ಕೇಳಿಸಿಕೊಂಡಿದ್ದ ಆಫ್ರಾ ಬಸ್ಸಿನಲ್ಲಿ ಹೇಳಿದಳು: "ಸೋಮವಾರ ಸಭೆ ಕರೀರಿ ಟೀಚರ್. ಅದು ಇಡೀ ತರಗತೀದು."

ಇಲ್ಲ ಎನ್ನುವ ಹಾಗಿರಲಿಲ್ಲ. ಆ ನಾಡಿನಲ್ಲಿ ಪ್ರತಿ ಮೇ ತಿಂಗಳು ದೊಡ್ಡವರೆಲ್ಲ ಪೇಟೆಯ ಚೌಕದಲ್ಲಿ ವೃತ್ತವಾಗಿ ನಿಂತು, ಮಳೆ ಬರಲಿ ಬಿಸಿಲಿರಲಿ, ಕೈಯೆತ್ತಿಯೇ ಎಲ್ಲವನ್ನೂ ತೀರ್ಮಾನಿಸುತ್ತಾರೆ. ಶಾಲೆಯ ಮಕ್ಕಳೂ ಹಾಗೆಯೇ. ಪ್ರವಾಸ ಎಲ್ಲಿಗೆ, ಕಿಟಕಿ ಪಕ್ಕ ಯಾರು ಎಂಬುದರಿಂದ ಹಿಡಿದು ಎಲ್ಲವೂ ಅಂಗಳದ ಸಭೆಯಲ್ಲೇ. ಅಧ್ಯಕ್ಷತೆ ಟೀಚರದು. ಕೈಗಳನ್ನು ಎಣಿಸುವುದಿಲ್ಲ. ಅಧ್ಯಕ್ಷರು ಎತ್ತರದಲ್ಲಿ ನಿಂತು ಕಣ್ಣಾಡಿಸಿ ಈ ಕಡೆ ಹೆಚ್ಚು ಎಂದರೆ ಹೆಚ್ಚು. ಸಂಶಯ ಬಂದರೆ ಇನ್ನೊಮ್ಮೆ ಕೈಯೆತ್ತಿಸಬಹುದು, ಪಕ್ಕಕ್ಕೆ ಒಬ್ಬರನ್ನು ಕರೆದು ಅವರ ಕಣ್ಣನ್ನೂ ಕೇಳಬಹುದು. ಕೊನೆಯ ಮಾತು ಮಾತ್ರ ಅಧ್ಯಕ್ಷರದೇ, ಅದರ ಮೇಲೆ ಯಾರೂ ಸೊಲ್ಲೆತ್ತುವುದಿಲ್ಲ. ಎಣಿಸಿ ನೋಡೋಣ ಎಂದರೆ ಅಧ್ಯಕ್ಷರನ್ನು ಕಳ್ಳ ಎಂದ ಹಾಗೆ.

ಭಾನುವಾರ ಸಾಲೋಮೆ ಚೀಸು ಬೆರೆಸಿದ ಮ್ಯಾಕರೋನಿ ಮಾಡಿ, ಅದರ ಮುಂದೆ ಸುಮ್ಮನೆ ಕೂತಳು. ಮೂರನ್ನೂ ತಂದುಕೊಂಡರೆ ಮನೆ ತುಂಬ ಸಿಳ್ಳೆ. ಬಿಟ್ಟರೆ ಈ ಸದ್ದಿಲ್ಲದ ಕೋಣೆ. ಮಕ್ಕಳಿಗೂ ಬೇಕು, ಅವರಿಗೆ ಬೇಕೇ ಬೇಕು, ಗೆಲ್ಲುವುದು ನಮ್ಮ ಕಡೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸೋಮವಾರ ಅಂಗಳದಲ್ಲಿ ಮಕ್ಕಳು ಒತ್ತೊತ್ತಾಗಿ ವೃತ್ತ ಕಟ್ಟಿದರು. ಸಾಲೋಮೆ ಬೋರಲು ಹಾಕಿದ ಹಾಲಿನ ಪೆಟ್ಟಿಗೆ ಹತ್ತಿ, ದೊಡ್ಡವರ ಸಭೆಯ ಅಧ್ಯಕ್ಷರ ಹಾಗೆಯೇ ಕತ್ತಿ, ಇಲ್ಲಿ ಮರದ್ದು, ಊರಿಕೊಂಡು ನಿಂತಳು.

"ನಂಬಿಕೆಯ ನಾಡಬಂಧುಗಳೇ, ವಿಷಯ ನಿಮಗೆಲ್ಲ ಗೊತ್ತಿದೆ. ಯಾರು ಮಾತಾಡ್ತೀರಿ?"

ಫ್ರಿಡ್ಲಿ ಎದೆ ಸೆಟೆಸಿದ. "ನಾಡಬಂಧುಗಳೇ! ಆಂಕನ್ ನಮ್ಮದು. ನಾವು ಹೆಸರಿಟ್ಟಿದ್ದು, ನಾವು ಗೂಡು ತೊಳೆದಿದ್ದು. ಗೂಡು ತೊಳೆದು ತೊಳೆದು ನನ್ನ ಮೂಗೇ ಸತ್ತುಹೋಗಿದೆ! ಮರಿಗಳನ್ನೂ ತಂದ್ರೆ ಕಾನೂನೂ ಸರಿ, ನಮಗೂ ಖುಷಿ. ವಾಪಸ್ ತರೋಣ!" ಚಪ್ಪಾಳೆ ಬಿತ್ತು. ಸಾಲೋಮೆಗೆ ಹೊಟ್ಟೆ ತಣ್ಣಗಾಯಿತು.

ಆಫ್ರಾ ಮುಂದೆ ಬಂದಳು. ಅವಳು ಟೀಚರ ಕಡೆ ನೋಡದೆ ಮಾತಾಡಿದಳು.

"ಫ್ರಿಡ್ಲಿ ಹೇಳಿದ್ದೆಲ್ಲ ನಿಜ. ಆದ್ರೆ ಎಲ್ಲಾನೂ ನಮ್ಮ ಬಗ್ಗೆ ಹೇಳ್ದ. ನಮಗೆ ಖುಷಿ, ನಮ್ಮ ಮೂಗು. ಆಂಕನ್ ಇಲ್ಲಿದ್ದಾಗ ತಿನ್ನಲಿಲ್ಲ. ಅಲ್ಲಿ ತಿಂತು. ಅವಳಿಗೆ ಕೈ ಇದ್ದಿದ್ರೆ ಎತ್ತುತ್ತಿದ್ಲು. ಇಲ್ಲ, ಅದಕ್ಕೆ ನಾನು ಎತ್ತುತ್ತೀನಿ. ಅಲ್ಲೇ ಇರ್ಲಿ. ನನಗೂ ಅವಳು ಬೇಕು, ಆದ್ರೂ."

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಈ ಸಲ ಚಪ್ಪಾಳೆ ಬೀಳಲಿಲ್ಲ.

"ವಾಪಸ್ ತರೋಣ ಅನ್ನೋರು," ಎಂದಳು ಸಾಲೋಮೆ. ಕೈಗಳು ಎದ್ದವು. "ಅಲ್ಲೇ ಇರಲಿ ಅನ್ನೋರು." ಕೈಗಳು ಎದ್ದವು. ಮುಂದೆ ನಿಂತವರಿಗೆ ಹಿಂದಿನವರು ಕಾಣರು; ಎಲ್ಲರನ್ನೂ ಕಾಣುವುದು ಪೆಟ್ಟಿಗೆಯ ಮೇಲಿದ್ದವರಿಗೆ ಮಾತ್ರ. ಅವಳು ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದಳು. "ಇನ್ನೊಂದ್ಸಲ," ಎಂದಳು.

ಇನ್ನೊಮ್ಮೆ ಎತ್ತಿದರು. ಹಿಂದಿನ ಸಾಲಿನ ಪುಟಾಣಿಗಳೆಲ್ಲ ಆಫ್ರಾಳ ಕಡೆ. ಅದರಲ್ಲಿ ಸಂಶಯವೇ ಇರಲಿಲ್ಲ. ಕುರುಡನಿಗೂ ಕಾಣುವಷ್ಟು ಕೈಗಳಿದ್ದವು. ಒಂದೇ ಒಂದು ಮಾತು ತಿರುಗಿಸಿ ಹೇಳಿದರೆ ಆಂಕನ್ ನಾಳೆ ಮನೆಯಲ್ಲಿರುತ್ತದೆ, ಯಾರೂ ಕೇಳುವುದಿಲ್ಲ. ಆ ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಅದು ಹೋಗಲಿಲ್ಲ. ನಿಜವನ್ನು ತನ್ನ ಬಾಯಿಂದ ಹೇಳುವ ಶಕ್ತಿ ಇಲ್ಲ, ಬೇರೆ ಯಾರಾದರೂ ಹೇಳಲಿ ಎನ್ನಿಸಿತು.

"ನನ್ನ ಕಣ್ಣಿನ ಮೇಲೆ ನನಗೆ ಇವತ್ತು ನಂಬಿಕೆ ಇಲ್ಲ. ಆಫ್ರಾ, ಮೇಲೆ ಬಾ. ನೀನು ನೋಡಿ ಹೇಳು."

"ಅವಳು ಆ ಪಕ್ಷದವಳು ಟೀಚರ್!" ಎಂದು ಫ್ರಿಡ್ಲಿ ಕೂಗಿದ.

"ಅದಕ್ಕೇ ಕರೆದದ್ದು. ಸುಮ್ನಿರು."

ಪೆಟ್ಟಿಗೆಯ ಮೇಲೆ ಇಬ್ಬರಿಗೆ ಜಾಗ ಸಾಲದು. ಆಫ್ರಾ ಟೀಚರ ಕೋಟು ಹಿಡಿದುಕೊಂಡು ನಿಂತಳು. ಮಕ್ಕಳು ಮೂರನೆಯ ಸಲ ಕೈಯೆತ್ತಿದರು. ಅವಳು ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ನೋಡಿದಳು. ಆಮೇಲೆ ತಲೆಯೆತ್ತಿ ಸಾಲೋಮೆಯ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಕಿವಿಗಳು ಕೆಂಪಾದವು.

"ವಾಪಸ್ ತರೋ ಕಡೆ ಹೆಚ್ಚು, ಟೀಚರ್," ಎಂದಳು.

ಫ್ರಿಡ್ಲಿ ಹೋ ಎಂದು ಟೋಪಿ ಹಾರಿಸಿದ.

ನೆಟ್ಟಗೆ ಹೇಳುವುದೊಂದೇ ಗೊತ್ತಿದ್ದ ಹುಡುಗಿ, ತನ್ನ ಪಕ್ಷ ಗೆದ್ದದ್ದನ್ನು ಕಣ್ಣಾರೆ ಕಂಡು, ಇಡೀ ಸಭೆಯ ಮುಂದೆ ಸುಳ್ಳು ಹೇಳಿತ್ತು. ಯಾರಿಗೋಸ್ಕರ? ಒಂದು ತಟ್ಟೆಯ ಮುಂದೆ ಕೂತು ಗಿನಿಪಿಗ್ ಜೊತೆ ಮಾತಾಡುವ ಮುದಿ ಟೀಚರಿಗೋಸ್ಕರ. ಸಾಲೋಮೆಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಆ ಮಗುವಿನ ಮೇಲೆ ಜೀವ ಹೋಗುವಷ್ಟು ಅಕ್ಕರೆಯೂ ಬಂತು. ಇಂಥ ಕನಿಕರವನ್ನು ಸುಳ್ಳಿನ ಮೇಲೆ ಖರ್ಚು ಮಾಡಿಸುವುದು ಮಹಾಪಾಪ ಎನ್ನಿಸಿತು.

ಅವಳು ಕತ್ತಿಯಿಂದ ಪೆಟ್ಟಿಗೆಗೆ ಬಡಿದಳು. ಸದ್ದಡಗಿತು.

"ಅಧ್ಯಕ್ಷೆ ಕಂಡ ಪ್ರಕಾರ, ಅಲ್ಲೇ ಇರಲಿ ಅನ್ನೋ ಕಡೆ ಹೆಚ್ಚು. ಆಂಕನ್ ಬಾಬೆಟ್ ಅಜ್ಜಿ ಹತ್ರಾನೇ ಇರುತ್ತೆ."

ಫ್ರಿಡ್ಲಿಯ ಬಾಯಿ ತೆರೆದಂತೆಯೇ ಉಳಿಯಿತು. ಆದರೂ ಸೊಲ್ಲೆತ್ತಲಿಲ್ಲ, ಟೋಪಿ ಎತ್ತಿಕೊಂಡು ಮಣ್ಣು ಕೊಡವಿದ, ಅಷ್ಟೇ.

ಆಫ್ರಾ ಕೋಟು ಜಗ್ಗಿ ಪಿಸುಗುಟ್ಟಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. "ಯಾಕೆ ಹಾಗಂದ್ರಿ? ನಾನು ನಿಮಗೋಸ್ಕರ…"

"ಗೊತ್ತು ಪುಟ್ಟಿ."

"ಮತ್ತೆ ನೀವು?"

"ನೀನು ಭಾಷಣ ಮಾಡಿದ್ಯಲ್ಲ, ನಿಜವಾದದ್ದು. ಅದನ್ನ ನಾನು ಸುಳ್ಳು ಮಾಡ್ಲಾ?" ಇನ್ನೂ ಏನೋ ಹೇಳಹೋದಳು. ಒಂದು ವರ್ಷದಿಂದ ಹಲ್ಲು ಕಚ್ಚಿ ಹಿಡಿದಿದ್ದ ಅಳು, ಎಲ್ಸ್‌ಬೆತ್ ಬಸ್ಸು ಹತ್ತಿದ ದಿನವೂ ಬಾರದ ಅಳು, ಎಲ್ಲ ಮಕ್ಕಳ ಎದುರಿಗೆ, ಹಾಲಿನ ಪೆಟ್ಟಿಗೆಯ ಮೇಲೆ ಬಂದುಬಿಟ್ಟಿತು. ಮುಖ ಮುಚ್ಚಿಕೊಳ್ಳಲು ಕೈ ಬೇಕಿತ್ತು. ಒಂದರಲ್ಲಿ ಕತ್ತಿ, ಇನ್ನೊಂದನ್ನು ಆಫ್ರಾ ಹಿಡಿದುಕೊಂಡಿದ್ದಳು.

ಸಭೆ ಮುಗಿಯಿತು ಎಂದು ಅಧ್ಯಕ್ಷರು ಹೇಳುವ ತನಕ ಯಾರೂ ವೃತ್ತ ಬಿಟ್ಟು ಕದಲುವ ಹಾಗಿಲ್ಲ. ಸಾಲೋಮೆಗೆ ಆ ಮಾತು ಹೇಳಲಾಗುತ್ತಿರಲಿಲ್ಲ. ಊಟದ ಗಂಟೆ ಹೊಡೆಯಿತು, ನಿಂತಿತು. ಫ್ರಿಡ್ಲಿ ಮನೆಯ ದಾರಿ ನೋಡಿದ, ಮತ್ತೆ ಟೀಚರನ್ನು ನೋಡಿದ, ಪಕ್ಕದವನಿಗೆ ಇನ್ನಷ್ಟು ಒತ್ತಿಕೊಂಡು ನಿಂತ. ಮಕ್ಕಳೆಲ್ಲ ಅವಳ ಸುತ್ತ ಹಾಗೆಯೇ ನಿಂತಿದ್ದರು.